ಟವೆಲ್ ಕೆಳಗಿನ ಗಜಲ್

ನಮ್ಮನೆಯವರ ಗಂಟಲಲ್ಲಿ ಗಂಟೊಂದು ಕಾಣಿಸಿದೆ ಎಂದು ದಾವಣಗೆರೆಯ ಡಾಕ್ಟರು ಅದರ ಚೂರನ್ನು ಪರೀಕ್ಷೆಗೆ ಕಳಿಸಿದ ಮೇಲೆ ನಮ್ಮ ಹರಿಹರದ ಮನೆಯಲ್ಲಿ ಮಾತು ನಿಂತಿತು. ರಿಪೋರ್ಟ್ ಬರುವವರೆಗೆ ಅವರು ಪಿಸುಗುಡುವಂತೆಯೂ ಇರಲಿಲ್ಲ. ದನದ ಸಂತೆಯಲ್ಲಿ ದಲಾಲಿ ಮುಗಿಸಿ ಬಂದು, ಕೈಕಾಲು ತೊಳೆದು, ನಾನು ರೊಟ್ಟಿ ಬಡಿಯುವಾಗ ಅಡುಗೆಮನೆ ಬಾಗಿಲಿಗೆ ಒರಗಿ ಗಜಲ್ ಹಾಡುವುದು ಅವರ ರೂಢಿ. ಈಗ ಚಹಾ ಬೇಕಾದರೆ ಲೋಟ ತಟ್ಟುತ್ತಿದ್ದರು. ಆ ಸದ್ದಿಗೇ ನನ್ನ ಎದೆ ಧಸಕ್ಕೆನ್ನುತ್ತಿತ್ತು.

ಹಾಡು ಕೇಳಿಸಲಿಲ್ಲವೆಂದು ಮೇಲಿನ ಮನೆಯ ಉರ್ದು ಟೀಚರು ಇಳಿದು ಬಂದರು. ಮಾತು ಕಾಯಿಲೆ ಬಿಟ್ಟು ಬೇರೆ ಕಡೆ ಹೋಗಲಿ ಎಂದು ನಾನೇ, ಗಜಲ್ ಅಂದರೇನು ಎಂದು ಕೇಳಿದೆ.

“ಅರಬ್ಬಿಯಾಗೆ ಹೆಣ್ಣಿನ ಹತ್ರ ಪ್ರೀತಿಯಿಂದ ಮಾತಾಡೋದು ಅಂತ ಅರ್ಥ ಐತ್ರಿ ಅಕ್ಕ. ನೂಲು ತೆಗೆಯೋದಕ್ಕೂ ಅದೇ ಮೂಲದ ಮಾತು. ಫಾರ್ಸಿಯೋರು ಕೆಲವರು, ಬಾಣ ತಗಲಿದ ಜಿಂಕೆ ಗಂಟಲಿಂದ ಬರೋ ಕೂಗು ಅಂತಾರೆ,” ಎಂದವರು ಅಲ್ಲಿಗೇ ನಾಲಿಗೆ ಕಚ್ಚಿಕೊಂಡರು.

ನಾನು ಆ ಪದಕ್ಕೆ ಅರ್ಥ ಹುಡುಕಿದವಳೇ ಅಲ್ಲ. ಕನ್ನಡದಲ್ಲಿ ನನಗದು ರೊಟ್ಟಿಯ ಸದ್ದಿನ ಜೊತೆ ಬರುವ ಅವರ ದನಿ, ಅಷ್ಟೆ. ಅವತ್ತಿನಿಂದ ಪಾತ್ರೆ ತಿಕ್ಕಿದರೂ ಜಿಂಕೆ, ಹಿಟ್ಟು ನಾದಿದರೂ ಜಿಂಕೆ.

ರಿಪೋರ್ಟಿನ ದಿನ ದಾವಣಗೆರೆಯ ಪಿ.ಜೆ. ಬಡಾವಣೆಯ ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದೆವು. ನಾನು ಸೆರಗಿನ ತುದಿ ಬೆರಳಿಗೆ ಸುತ್ತುತ್ತ ಬಿಚ್ಚುತ್ತ ಇದ್ದೆ. ಅವರು ಹೆಗಲ ಮೇಲಿನ ಟವೆಲ್ ತೆಗೆದು ನನ್ನ ಕೈಗೆ ಮುಚ್ಚಿ, ಅದರ ಕೆಳಗೆ ಬೆರಳುಗಳನ್ನು ಒಂದೊಂದಾಗಿ ಒತ್ತತೊಡಗಿದರು. ಸಂತೆಯಲ್ಲಿ ದಲಾಲರು ದರ ಹೇಳುವುದು ಹೀಗೆಯೇ, ಬಾಯಿ ಬಿಡದೆ.

“ನಾನೇನು ಮಾರಾಕ ತಂದ ಎಮ್ಮೆ ಏನ್ರಿ?” ಎಂದೆ.

ಅವರ ಹೆಗಲು ನಗುವಿಗೆ ಕುಲುಕಿತು. ಐದೂ ಬೆರಳು ಕೂಡಿಸಿ ಬಿಗಿಯಾಗಿ ಹಿಡಿದರು. ಸಂತೆಯ ಲೆಕ್ಕ ನನಗೆ ಗೊತ್ತಿಲ್ಲ. ಟೀಚರು ಹೇಳಿದ ಮೊದಲ ಅರ್ಥ, ಹೆಣ್ಣಿನ ಹತ್ತಿರ ಪ್ರೀತಿಯಿಂದ ಮಾತಾಡೋದು ಅಂದದ್ದು, ಆಗ ನೆನಪಾಯಿತು. ಒಳಗೆ ಕರೆಯುವವರೆಗೆ ಅದನ್ನೇ ಗಟ್ಟಿಯಾಗಿ ಹಿಡಿದುಕೊಂಡು ಕೂತೆ.

“ಕ್ಯಾನ್ಸರ್ ಅಲ್ಲಮ್ಮ,” ಎಂದರು ಡಾಕ್ಟರು. “ಆದ್ರೆ ಆಪರೇಷನ್ ಮಾಡಿ ತೆಗೀಬೇಕು. ದನಿ ಮೊದಲಿನಂಗೆ ಬರ್ತೈತೋ ಇಲ್ಲೋ, ಈಗ್ಲೇ ಹೇಳಾಕಾಗಲ್ಲ.”

ಹರಿಹರದ ಬಸ್ಸಿನಲ್ಲೂ ಟವೆಲ್ ನನ್ನ ಕೈಮೇಲೆಯೇ ಇತ್ತು. ಆಪರೇಷನ್ ಬರುವ ವಾರ, ಅಲ್ಲಿಯವರೆಗೂ ಅವರು ಮಾತಾಡುವಂತಿಲ್ಲ. ಇದನ್ನು ಬರೆಯುತ್ತಿದ್ದಂತೆ ಒಳಗೆ ಲೋಟದ ಸದ್ದಾಯಿತು. ಎದೆ ಇನ್ನೂ ಧಸಕ್ಕೆನ್ನುತ್ತದೆ. ಎದ್ದು ಚಹಾ ಇಡಬೇಕು.