ಬಾವಂಚಿ ಹಚ್ಚಿದ ಕೈ

ಬಳೆ ಇಡಿಸಿಕೊಳ್ಳುವ ಹೆಂಗಸು ಮೊದಲು ತನ್ನ ಕೈಯನ್ನೇ ಒಪ್ಪಿಸಬೇಕು. ಲಕ್ಷ್ಮೇಶ್ವರದ ನಮ್ಮ ಓಣಿಗೆ ಬರುತ್ತಿದ್ದ ಬಳೆಗಾರ್ತಿ ಆ ಕೈಯನ್ನು ಹಿಡಿದು, ಗೆಣ್ಣು ಮೆತ್ತಗೆ ಹಿಚುಕಿ, ನಗಿಸುತ್ತ ನಗಿಸುತ್ತ ಬಳೆ ಏರಿಸಿಬಿಡುತ್ತಿದ್ದಳು. ನಾವೆಲ್ಲ ಅವಳನ್ನು ಅವಳ ಮನೆಮಾತಿನಲ್ಲೇ ಖಾಲಾ, ಚಿಕ್ಕವ್ವ, ಎನ್ನುತ್ತಿದ್ದೆವು. ಗದಗ ಹೊಸದಾಗಿ ಜಿಲ್ಲೆಯಾದ ಕಾಲಕ್ಕೆ ಅವಳ ಎರಡೂ ಕೈಗಳ ಮೇಲೆ ಬಿಳಿ ಮಚ್ಚೆಗಳೆದ್ದವು. ತೊನ್ನು. ಮುಟ್ಟಿದರೆ ಹತ್ತುವ ರೋಗವಲ್ಲವೆಂದು ಯಾರು ಹೇಳಿದರೂ ಹೆಂಗಸರು ಕೈ ಎಳೆದುಕೊಳ್ಳತೊಡಗಿದರು.

"ಬಳಿ ಇಲ್ಲೇ ಇಟ್ಟು ಹೋಗು ಖಾಲಾ, ನಾವ ಏರಿಸ್ಕೋತೀವಿ."

ನಮ್ಮ ಆಯಿ, ಎಂದರೆ ಅಪ್ಪನ ತಾಯಿ, ಮಾತ್ರ ಕೈ ಎಳೆದುಕೊಳ್ಳಲಿಲ್ಲ. ಅವಳಿಗೆ ಮನೆಮದ್ದು ಗೊತ್ತಿತ್ತು.

"ಪಂಚಮಿ ಬರೂದ್ರೊಳಗ ಬಣ್ಣ ತಿರುಗಸ್ತೀನಿ, ತಂಗಿ. ಆದ್ರ ಮದ್ದಿನ ಹೆಸರು ಯಾರಿಗೂ ಹೇಳಬಾರದು. ಹೇಳಿದ ಮದ್ದು ಹತ್ತೂದಿಲ್ಲ."

"ನನ್ನ ಬಾಯಿ ನಿಮಗ ಗೊತ್ತಿಲ್ಲೇನ್ರಿ ಅಮ್ಮಾ?"

"ಗೊತ್ತಿದ್ದದ್ದಕ್ಕ ಹೇಳಾಕತ್ತೇನಿ!"

ಮದ್ದೆಂದರೆ ಬಾವಂಚಿ. ಎರೆಹೊಲದ ಬದುವಿನಲ್ಲಿ ತಾನೇ ಬೆಳೆಯುವ ಗಿಡ. ಆಯಿ ಅದರ ಕರಿ ಬೀಜ ನೆನೆಹಾಕಿ ಅರೆದು, ಮೂರು ಬೆರಳಲ್ಲಿ ಮಚ್ಚೆಗಳಿಗೆ ಸವರಿ, ಖಾಲಾಳನ್ನು ಎಳೆಬಿಸಿಲಿಗೆ ಸ್ವಲ್ಪ ಹೊತ್ತು ಕೂರಿಸಿ ತೊಳೆಸುತ್ತಿದ್ದಳು. ಮಚ್ಚೆಯ ಅಂಚಿನಲ್ಲಿ ಸಾಸಿವೆಯಷ್ಟು ಕಂದು ಚುಕ್ಕಿ ಕಂಡಂತಾಯಿತು. ಅಷ್ಟರಲ್ಲಿ ಪಂಚಮಿ ಹತ್ತಿರ ಬಂತು. ತವರಿಗೆ ಬಂದ ಹೆಣ್ಣುಮಕ್ಕಳೆಲ್ಲ ಬಳೆ ಇಡಿಸಿಕೊಳ್ಳುವ ಹಬ್ಬ. ಅವರೂ ಕೈ ಕೊಡದಿದ್ದರೆ ಕಸುಬೇ ಮುಗಿಯಿತೆಂದು ಖಾಲಾಳಿಗೆ ಅವಸರ. ಗದಗಿನಲ್ಲಿ ಚರ್ಮದ ಡಾಕ್ಟರೊಬ್ಬರು ಬೆಳಕು ಕೊಟ್ಟು ತೊನ್ನು ವಾಸಿ ಮಾಡುತ್ತಾರೆಂದು ಕೇಳಿ ಹೊರಟಳು. ಜೊತೆಗೆ ನಾನು. ಎರಡು ಮದ್ದು ಕೂಡಿದರೆ ಗುಣ ಜಲ್ದಿ ಎಂದು ಆಯಿ ಹೊರಡುವ ಮುಂಚೆಯೂ ಬಾವಂಚಿ ಬಳಿದಳು. ಗಡಿಬಿಡಿಯಲ್ಲಿ ಮಚ್ಚೆಯಿಲ್ಲದ ಮಣಿಕಟ್ಟಿಗೂ ಬೆರಳು ತಾಗಿತು. ಖಾಲಾ ಮೇಲೆ ಮೇಲೆ ಒರೆಸಿಕೊಂಡು, ಸೆರಗಿನಲ್ಲಿ ಕೈ ಸುತ್ತಿಕೊಂಡು ಬಸ್ಸು ಹತ್ತಿದಳು.

"ಬ್ಯಾರೆ ಏನರ ಹಚ್ಚೀರೇನು? ಎಣ್ಣಿ, ನಾಟಿ ಔಷಧ?" ಡಾಕ್ಟರು ಕೇಳಿದರು.

ಖಾಲಾ ಒಮ್ಮೆ ನನ್ನ ಮುಖ ನೋಡಿದಳು. "ಏನೂ ಇಲ್ರಿ ಸಾಹೇಬ್ರ."

ಕಿಟಕಿಯಿಲ್ಲದ ಕೋಣೆ. ಖಾಲಾಳಿಗೆ ಕಪ್ಪು ಕನ್ನಡಕ ಹಾಕಿಸಿ, ಕೈಗಳನ್ನು ಒಂದು ಪೆಟ್ಟಿಗೆಯೊಳಗೆ ಇಡಿಸಿ ದೀಪ ಹಚ್ಚಿದರು. ನಾನು ಪರದೆಯ ಸಂದಿನಿಂದ ನೋಡಿದೆ. ನೇರಳೆ ಬೆಳಕು. ಕಂದು ಚರ್ಮವೆಲ್ಲ ಕತ್ತಲಲ್ಲಿ ಕರಗಿ ಬಿಳಿ ಮಚ್ಚೆಗಳಷ್ಟೇ ನೀಲಿಯಾಗಿ ಹೊಳೆಯುತ್ತಿದ್ದವು, ಹರಿದ ಕೈಯ ಚೂರುಗಳು ಗಾಳಿಯಲ್ಲಿ ನಿಂತಂತೆ. ಮಣಿಕಟ್ಟಿನ ಮೇಲೆ, ಹಗಲಲ್ಲಿ ಏನೂ ಕಾಣದ ಜಾಗದಲ್ಲಿ, ಮೂರು ಮಬ್ಬು ಗೆರೆ ಮಿನುಗಿದವು. ಯಾರೋ ಹಿಂದಿನಿಂದ ಬಂದು ಅವಳ ಕೈ ಹಿಡಿದುಕೊಂಡಂತಿತ್ತು. ದೀಪ ಆರಿತು. ಗೆರೆಗಳೂ ಇಲ್ಲ.

ಮನೆಗೆ ಬಂದು ಆಯಿಗೆ ಹೇಳಿದೆ.

"ಹೊಳೀತು? ಹಂಗಾರ ಮದ್ದು ಒಳಗ ಇಳದೈತಿ," ಎಂದು ಖುಷಿಪಟ್ಟಳು.

ಮರುದಿನ ಏನೂ ಇಲ್ಲ. ಅದರ ಮರುದಿನ ಖಾಲಾ ಎರಡೂ ಕೈ ಎತ್ತಿ ಹಿಡಿದುಕೊಂಡು ನಮ್ಮ ಬಾಗಿಲಿಗೆ ಬಂದಳು. ಒಲೆಯ ಹತ್ತಿರ ಹೋಗಿಲ್ಲ, ಬಿಸಿನೀರು ಮುಟ್ಟಿಲ್ಲ. ಆದರೂ ಮಚ್ಚೆ ಮಚ್ಚೆಯೂ ಸುಟ್ಟು ಬೊಬ್ಬೆ ಎದ್ದಿತ್ತು. ಮಣಿಕಟ್ಟಿನ ಮೇಲೆ ಉದ್ದುದ್ದ ಮೂರು ಬೊಬ್ಬೆ.

"ಒಳಗ ಯಾರೋ ಕೆಂಡ ಊದಾಕತ್ಯಾರ್ರಿ ಅಮ್ಮಾ. ಓಣ್ಯಾಗ ಎಲ್ಲಾರೂ ಗಾಳಿ ಹಿಡದೈತಿ ಅಂತಾರ. ಅಲ್ಲಾನ ಆಣಿ, ಮದ್ದಿನ ಹೆಸರು ನಾ ಯಾರಿಗೂ ಹೇಳಿಲ್ಲ. ಡಾಕ್ಟರ್ಗೂ ಹೇಳಿಲ್ಲ!"

ಆಯಿ ತನ್ನ ಬಲಗೈಯನ್ನು ಆ ಬೊಬ್ಬೆಗಳ ಮೇಲೆ, ಮುಟ್ಟದೆ, ಹಿಡಿದಳು. ಮೂರೂ ಬೆರಳು ಅಳತೆ ತಪ್ಪದೆ ಕೂತವು. ಸಟ್ಟನೆ ಕೈ ತೆಗೆದು ಸೆರಗಿನೊಳಗೆ ಮುಚ್ಚಿಕೊಂಡಳು. ಉಳಿದ ಹೆಂಗಸರಂತೆ ಅವಳೂ ಕೈ ಎಳೆದುಕೊಂಡದ್ದು ಅದೊಂದೇ ಸಲ.

ನನ್ನ ಕಡೆ ತಿರುಗಿ ಕೇಳಿದಳು: "ಆ ಪೆಟ್ಟಿಗ್ಯಾಗ ಬಿಸಲ ಇತ್ತೇನು?"

ಬಾವಂಚಿ ಹಚ್ಚಿ ಕಡುಬಿಸಿಲಿಗೆ ಹೋದವರ ಮೈ ಬೊಬ್ಬೆಯೇಳುವುದನ್ನು ಅವಳು ಬಲ್ಲಳು. ಎಳೆಬಿಸಿಲಷ್ಟೇ ಕೊಡುತ್ತಿದ್ದುದು ಅದಕ್ಕೇ. ಮುಚ್ಚಿದ ಕೋಣೆಯಲ್ಲಿ ಬಿಸಿಲು ಇರಬಹುದೆಂದು ಅವಳಿಗೆ ಹೊಳೆದಿರಲಿಲ್ಲ. ಅಂದೇ ನಮ್ಮೊಡನೆ ಗದಗಿಗೆ ಬಂದಳು. ಸ್ವಂತ ಮಕ್ಕಳಿಗೂ ಹೇಳದ ಹೆಸರನ್ನು ಡಾಕ್ಟರ ಮುಂದೆ ನಿಂತು ಹೇಳಿದಳು.

"ಬಾವಂಚಿ ರೀ."

ಡಾಕ್ಟರು ಬೊಬ್ಬೆಗಳನ್ನು ಮತ್ತೊಮ್ಮೆ ನೋಡಿದರು. "ಇದನ್ನ ಮೊದಲ ಹೇಳಿದ್ರ ನಾ ದೀಪಾನ ಹಚ್ಚತಿದ್ದಿಲ್ಲ, ಅಮ್ಮಾ. ಅದು ಹತ್ತಿದ ಚರ್ಮ ಬೆಳಕನ್ನ ತಡಕೊಳ್ಳೂದಿಲ್ಲ."

ಆ ಪಂಚಮಿಗೆ ಖಾಲಾ ಕೈಗೆ ಬಟ್ಟೆ ಸುತ್ತಿಕೊಂಡು ಮನೆಯಲ್ಲೇ ಕೂತಳು. ಗಾಯ ಮಾಯ್ದವು, ಮಚ್ಚೆ ಉಳಿದವು. ಆಮೇಲೊಂದು ದಿನ ಆಯಿ ನಮ್ಮ ಕಟ್ಟೆಯ ಮೇಲೆ ಓಣಿಯೆಲ್ಲ ನೋಡುವಂತೆ ಕೂತು ಕೈ ಚಾಚಿದಳು. "ಇಡು ತಂಗಿ. ಎಷ್ಟು ಬೇಕಾದ್ರೂ ಹಿಚುಕು." ಅವಳ ಹಿಂದೆ ನನ್ನ ಅವ್ವ, ಆಮೇಲೆ ಎದುರುಮನೆಯವಳು. ಎಲ್ಲರೂ ಬರಲಿಲ್ಲ, ಕಸುಬು ಉಳಿಯುವಷ್ಟು ಕೈ ಬಂದವು.

ಮಣಿಕಟ್ಟಿನ ಮೂರು ಗೆರೆಗಳು ಮಾತ್ರ ಕಪ್ಪಾಗಿ ನಿಂತುಬಿಟ್ಟವು. ಆಯಿ ತೀರಿದ ಮೇಲೆ ನನ್ನ ಮದುವೆಯ ಬಳೆ ಇಡಲು ಖಾಲಾ ಬಂದಳು. ನನ್ನ ಕೈ ಅವಳ ಕೈಯಲ್ಲಿ, ಅವಳ ಕೈ ಆಯಿಯ ಆ ಮೂರು ಬೆರಳುಗಳಲ್ಲಿ. ಕಣ್ಣು ಕೀಳಲಾಗದೆ ನೋಡುತ್ತಿದ್ದೆ.

"ಅತ್ತಾಗ ನೋಡಬ್ಯಾಡವಾ," ಖಾಲಾ ಮೆಲ್ಲಗೆ ಅಂದಳು. "ನೀ ನೋಡಿದ್ರ ಇನ್ನೂ ಬಿಗಿಯಾಗಿ ಹಿಡೀತಾಳ."