ಅಂಟು ಹಾಕದ ನೀಲಿ

ಜಂಬಣ್ಣ ದೇವದುರ್ಗದ ಬೋರ್ಡ್ ಪೇಂಟರ್. ಬೀಜ, ಸಿಮೆಂಟು, ಗೊಬ್ಬರ ಅಂತ ಮೂವತ್ತು ವರ್ಷ ತಾಲ್ಲೂಕಿನ ಗೋಡೆಗಳನ್ನೆಲ್ಲ ಬರೆದು ಹಾಳು ಮಾಡಿದವನು. ಇದು ಅವನದೇ ಮಾತು. ಅಂಥವನಿಗೆ ಕೃಷ್ಣಾ ದಂಡೆಯ ಹುಟ್ಟೂರಿನ ಶಾಲೆಯಿಂದ ಕರೆ ಬಂತು. ಕಾಂಪೌಂಡಿನ ಮೇಲೆ ಊರಿನ ಚಿತ್ರ, ಚರಿತ್ರೆ ಎರಡೂ ಬೇಕಂತೆ.

"ನಮ್ಮ ಮನೀನೂ ಬರಿಯಪಾ. ಸಾಯೋದ್ರೊಳಗ ಒಮ್ಮಿ ನೋಡ್ತೀನಿ," ಎಂದಳು ತಾಯಿ ತಿಮ್ಮವ್ವ.

ಮನೆ ಎಲ್ಲಿದೆ? ಮಹಾಪೂರದ ವರ್ಷ ದಂಡೆಯ ಕೇರಿಯ ಹನ್ನೊಂದು ಮನೆ ಹೊಳೆಗೆ ಹೋದವು. ಜನ ಉಳಿದರು, ಒಂದು ಫೋಟೊ ಉಳಿಯಲಿಲ್ಲ.

ಜಂಬಣ್ಣ ಹರಗೋಲು ಹತ್ತಿ ನಡುಹೊಳೆಗೆ ಹೋಗಿ ಊರು ನೋಡಿಕೊಂಡು ಬಂದ. ಅಲ್ಲಿಂದ ಗುಡಿಯ ಮುಖ ಕಾಣದು, ಬೆನ್ನಷ್ಟೇ. ಮೇಲೆ ಕೋಟೆ, ನಡುವೆ ಗುಡಿಯ ಬೆನ್ನು, ಎಲ್ಲಕ್ಕೂ ಮುಂದೆ ಹನ್ನೊಂದು ಮನೆ ಬರೆದ.

ಶಾಲಾ ಸಮಿತಿಯ ಹನುಮಂತ್ರಾಯ ನೋಡಿ ಉರಿದುಬಿದ್ದ. "ಇಲ್ಲದ ಕೇರಿ ಯಾಕ ಬರ್ದೀಯೋ? ಅಳಿಸು."

"ಕೋಟಿನೂ ಬಿದ್ದು ಹೋಗ್ಯಾದಲ್ರೀ. ಅದನ್ನೂ ಅಳಿಸ್ಲೇನ್ರೀ?"

"ಅದು ಇತಿಹಾಸ!"

"ನಮ್ದು?"

"ನಿಮ್ದು ನೀರಾಗ ಹೋಗ್ಯಾದ. ನೀರು ಬರಿ."

"ಹೂಂನ್ರೀ," ಎಂದ ಜಂಬಣ್ಣ. ಎಂಥ ನೀರು ಎಂದು ಹನುಮಂತ್ರಾಯ ಹೇಳಿರಲಿಲ್ಲವಲ್ಲ. ಮನೆಗಳಿಗೆ ಹಾಕಿದ್ದು ಆಯಿಲ್ ಪೇಂಟು. ಅದರ ಮೇಲೆ ಸುಣ್ಣಕ್ಕೆ ನೀಲಿ ಕಲಸಿ ಬಳಿದ. ಅಂಟು ಹಾಕಲಿಲ್ಲ. ಅಂಟು ಹಾಕದ ಸುಣ್ಣ ಎಷ್ಟು ದಿನ ನಿಲ್ಲುತ್ತದೆ ಎಂಬುದು ಪೇಂಟರನಿಗೆ ಗೊತ್ತು, ಸಮಿತಿಗೆ ಗೊತ್ತಿಲ್ಲ.

ತಿಮ್ಮವ್ವ ಬಂದು ನೋಡಿದರೆ ಬರೀ ನೀರು. ಬಂದ ದಾರಿಗೇ ತಿರುಗಿದಳು.

"ಮಳಿ ಆಗ್ಲಿ ತಡಿಯವ್ವಾ," ಎಂದನಷ್ಟೆ ಜಂಬಣ್ಣ.

ಮೃಗಶಿರಾ ಮಳೆ ಎರಡು ತಾಸು ಹೊಡೆಯಿತು. ಹೊಳೆ ಗೋಡೆಯಿಂದಿಳಿದು ಚರಂಡಿ ಸೇರಿತು. ಹನ್ನೊಂದು ಮನೆ ತೊಳೆದಿಟ್ಟಂತೆ ಎದ್ದು ನಿಂತವು.

"ಹೊಳಿ ಎಲ್ಲಿ ಹೋತಲೇ?" ಎಂದು ಹನುಮಂತ್ರಾಯ ಓಡಿಬಂದ.

"ಇಳೀತ್ರೀ."

ತಿಮ್ಮವ್ವ ಒಂದೊಂದೇ ಮನೆ ಮುಟ್ಟುತ್ತ ಬಂದು ನಾಲ್ಕನೆಯದರ ಮುಂದೆ ನಿಂತಳು. ಬಹಳ ಹೊತ್ತು ನೋಡಿದಳು.

"ಬಾಗಲಾ ಯಾಕ ಮುಚ್ಚೀದಿ, ಜಂಬ್ಯಾ? ಅವತ್ತ ತೆರದಿಟ್ಟು ಓಡಿ ಬಂದೀವಲ್ಲೋ."

ಜಂಬಣ್ಣ ಬಣ್ಣದ ಡಬ್ಬಿ ಬಿಚ್ಚಿ, ಮುಚ್ಚಿದ ಬಾಗಿಲ ಮೇಲೆ ಕಪ್ಪು ಎಳೆದು, ತೆರೆದ ಬಾಗಿಲು ಮಾಡಿದ. ತಿಮ್ಮವ್ವ ಚಪ್ಪಲಿ ಕಳಚಿದಳು.