ಉಪಕಾರ ಸ್ಮರಣೆಯ ಪುಟದಲ್ಲಿ ಹನ್ನೊಂದು ಹೆಸರು

೧೯೭೪ರಲ್ಲಿ ಮುಂಬಯಿಯ ಒಂದು ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಥೀಸಿಸ್ ವಿಭಾಗ ನನ್ನ ಕೈಯಲ್ಲಿತ್ತು. ಪಿಎಚ್.ಡಿ. ಪಡೆದವರೆಲ್ಲ ತಮ್ಮ ಥೀಸಿಸ್‌ನ ಒಂದು ಪ್ರತಿಯನ್ನು ನಮ್ಮಲ್ಲಿ ಇಡಬೇಕೆಂಬುದು ನಿಯಮ. ಅವನ್ನು ಓದಲು ಬರುವವರು ಅಪರೂಪ. ದಪ್ಪ ರಟ್ಟಿನೊಳಗೆ ವಿದ್ವತ್ತು ನಿದ್ದೆ ಮಾಡುತ್ತಿತ್ತು, ನಾನೂ ನೆಮ್ಮದಿಯಾಗಿದ್ದೆ.

ಒಂದು ದಿನ ಗೃಹಸ್ಥರೊಬ್ಬರು ಬಂದು ಡಾ. ಸುಶೀಲಾಳ ಥೀಸಿಸ್ ಕೇಳಿದರು. ಧಾರವಾಡ ಕಡೆಯ ಸುಶೀಲಾ ನಮ್ಮಲ್ಲೇ ಸಮಾಜಶಾಸ್ತ್ರದ ಲೆಕ್ಚರರ್. ವಿಜಾಪುರದಿಂದ ಬಂದು ಪವಾಯಿಯಲ್ಲಿ ಕಟ್ಟಡ ಕೆಲಸ ಮಾಡುತ್ತಿದ್ದ ಹೆಂಗಸರ ಬಗ್ಗೆ ಬರೆದಿದ್ದಳು. ಬಂದವರು ಅದೇ ಕಟ್ಟಡದ ಕಾಂಟ್ರಾಕ್ಟರ್ ಕಚೇರಿಯವರು. ಇಡೀ ಥೀಸಿಸ್ಸಿನ ಫೋಟೊಸ್ಟ್ಯಾಟ್ ಬೇಕೆಂದರು. ಗ್ರಂಥಾಲಯ ಸಮಿತಿಯ ಒಪ್ಪಿಗೆ ಬೇಕು, ಆಮೇಲೆ ಬನ್ನಿ ಎಂದು ಕಳಿಸಿ ಸುಶೀಲಾಗೆ ಫೋನ್ ಮಾಡಿದೆ.

ಅವಳು ಓಡಿಬಂದಳು. "ಸರೋಜಕ್ಕಾ, ಕೊಡಬ್ಯಾಡ್ರಿ! ಆ ಹೆಣ್ಮಕ್ಕಳು ಬಸರಿದ್ದದ್ದು ಗೊತ್ತಾದ್ರ ಕೂಲಿಗೆ ಹಚ್ಚೋ ಮುಕಾದಮ ಕೆಲಸ ಬಿಡಸ್ತಾನಂತ ಸೆರಗ ಬಿಗಿದು ಮುಚ್ಚಿಟ್ಟಾರ. ಅದನ್ನೆಲ್ಲಾ ನನ್ನ ಮುಂದ ಹೇಳ್ಯಾರ್ರಿ."

"ಹೆಸರು ಬದಲ ಮಾಡೀಯಲ್ಲ?" ಎಂದೆ.

"ಒಳಗ ಮಾಡೇನಿ." ಅವಳ ಮುಖ ಸಪ್ಪಗಾಯಿತು. "ಆದ್ರ ಮೊದಲಿನ ಪುಟದಾಗ..."

ತೆರೆದು ನೋಡಿದೆ. ಉಪಕಾರ ಸ್ಮರಣೆಯ ಪುಟ. ಗೈಡ್, ಗಂಡ, ಟೈಪಿಸ್ಟ್ ಎಲ್ಲರಿಗೂ ವಂದನೆ ಸಲ್ಲಿಸಿ, ತನಗೆ ಮನಸ್ಸು ಬಿಚ್ಚಿ ಮಾತಾಡಿದವರನ್ನು ಬಿಡುವುದುಂಟೇ ಎಂದು ಹನ್ನೊಂದು ಹೆಂಗಸರ ನಿಜವಾದ ಹೆಸರನ್ನು ಊರಿನ ಸಮೇತ ಹಾಕಿದ್ದಳು. ನಮ್ಮ ಕಡೆಯವರ ದಾಕ್ಷಿಣ್ಯ! ನನಗೆ ಸಿಟ್ಟೂ ಬಂತು, ನಗುವೂ ಬಂತು.

ಸಮಿತಿ ಸೇರಿತು. ಕೃತಿಸ್ವಾಮ್ಯ ಲೇಖಕಿಯದು, ಅವಳು ಒಪ್ಪದೆ ಪೂರ್ತಿ ನಕಲು ಕೊಡುವಂತಿಲ್ಲ ಎಂದರು ಕಾನೂನು ಪ್ರಾಧ್ಯಾಪಕರು. ನಾನು ಉಸಿರು ಬಿಡುವಷ್ಟರಲ್ಲಿ, "ಆದರೆ ಇಲ್ಲೇ ಕೂತು ಓದಿದರೆ ತಡೆಯುವಂತಿಲ್ಲ" ಎಂದರು. ಹನ್ನೊಂದು ಹೆಸರು ಬರೆದುಕೊಳ್ಳಲು ಪೆನ್ಸಿಲ್ ಸಾಲದೇ? ಇಂದು ಒಂದನ್ನು ಮುಚ್ಚಿಟ್ಟರೆ ನಾಳೆ ಎಲ್ಲವನ್ನೂ ಮುಚ್ಚಿಡುತ್ತೀರಿ ಎಂದು ಇತಿಹಾಸದವರು ಮೇಜು ಕುಟ್ಟಿದರು. ಅದೂ ಸರಿಯೆನಿಸಿತು. ಆ ಪುಟವನ್ನೇ ಕತ್ತರಿಸೋಣ ಎಂದರು ಇನ್ನೊಬ್ಬರು. ಪುಟ ಹರಿದ ವಿದ್ಯಾರ್ಥಿಗಳಿಗೆ ದಂಡ ಹಾಕುವವಳು ನಾನೇ! ಯಾರು ಮಾತಾಡಿದರೂ ಅವರದೇ ಸರಿಯೆನಿಸಿ ನನಗೆ ತಲೆ ಚಿಟ್ಟು ಹಿಡಿಯಿತು. ಚಹಾ ಮುಗಿಯಿತು, ವಿಷಯ ಮುಂದಿನ ಸಭೆಗೆ ಹೋಯಿತು.

ಆ ಹೆಂಗಸರನ್ನೇ ಕೇಳೋಣವೆಂದು ಭಾನುವಾರ ಇಬ್ಬರೂ ಪವಾಯಿಗೆ ಹೋದೆವು. ಸುದ್ದಿ ಕೇಳಿ ಅವರು ಗಾಬರಿಯಾದರು. ನಿಮ್ಮ ಹೆಸರಿನ ಪುಟ ತೆಗೆಸಲೇ ಎಂದು ಸುಶೀಲಾ ಕೇಳಿದಾಗ, ಹಿರಿಯಳಾದ ಯಲ್ಲವ್ವ ಬೇಡವೆಂದು ತಲೆಯಾಡಿಸಿದಳು.

"ಹೆಸರ ಯಾಕ ತಗೀತೀರಿ ಅಕ್ಕಾರ? ನಮ್ಮ ಹೆಸರು ಪುಸ್ತಕದಾಗ ಎಂದಾದ್ರೂ ಬಂದಿತ್ತೇನ್ರಿ? ಅದು ಇರಲಿ. ನಾವು ಆಡಿದ ಮಾತು ತಗದಬಿಡ್ರಿ."

ಮಾತು ತೆಗೆದರೆ ಥೀಸಿಸ್ಸೇ ಇಲ್ಲ. ಸುಶೀಲಾಳ ಕಣ್ಣಲ್ಲಿ ನೀರು ಬಂತು.

ಸೋಮವಾರ ನಾನು ನಮ್ಮ ವೃತ್ತಿಯವರಿಗೆಲ್ಲ ಗೊತ್ತಿರುವ, ಯಾರೂ ಬಾಯಿಬಿಟ್ಟು ಹೇಳದ ಉಪಾಯ ಮಾಡಿದೆ. ಚೆನ್ನಾಗಿಯೇ ಇದ್ದ ಆ ಥೀಸಿಸ್ಸನ್ನು ಹೊಸ ಬೈಂಡಿಂಗ್‌ಗೆ ಕಳಿಸಿದೆ. ಕಾಂಟ್ರಾಕ್ಟರ್ ಕಡೆಯವರು ಬಂದಾಗಲೆಲ್ಲ "ಬೈಂಡರ್ ಹತ್ತಿರ ಇದೆ" ಎಂದೆ. ಬೈಂಡರ್‌ಗೆ ಅವಸರ ಬೇಡವೆಂದಿದ್ದೆ, ಅದನ್ನು ಅವನು ನಿಷ್ಠೆಯಿಂದ ಪಾಲಿಸಿದ. ಕೊನೆಗೆ ಆ ಗೃಹಸ್ಥರು ಬೇಸತ್ತು ಬರುವುದನ್ನೇ ಬಿಟ್ಟರು. ಕಟ್ಟಡ ಮುಗಿದು, ಹೆಂಗಸರು ಬೇರೆ ಕಾಂಟ್ರಾಕ್ಟರ್ ಕಡೆ ಹೋದ ಮೇಲೆಯೇ ಥೀಸಿಸ್ ಮರಳಿ ಕಪಾಟಿಗೆ ಬಂತು. ಯಾರ ಕೆಲಸವೂ ಹೋಗಲಿಲ್ಲ. ಸಮಿತಿಯ ತೀರ್ಮಾನ ಮಾತ್ರ ನಾನು ನಿವೃತ್ತಳಾಗುವವರೆಗೂ ಬರಲಿಲ್ಲ.

ಓದುಗನೊಬ್ಬನ ಹಕ್ಕನ್ನು ನಾನು ಕಸಿದುಕೊಂಡೆನೇ? ಇಂದಿಗೂ ಬಗೆಹರಿದಿಲ್ಲ. ಕೆಲಸ ಕಲಿಸಿದ್ದು ಇಷ್ಟೇ: ಅಂದಿನಿಂದ ಥೀಸಿಸ್ ತಂದವರ ಕೈಯಿಂದ ಅದನ್ನು ತೆಗೆದುಕೊಳ್ಳುವ ಮೊದಲು ಉಪಕಾರ ಸ್ಮರಣೆಯ ಪುಟ ತೆರೆದು, "ಇವರಿಗೆಲ್ಲ ವಂದನೆ ಹೇಳಿದ್ದೀರಿ, ಸರಿ. ಹೇಳಬಹುದೇ ಎಂದು ಅವರನ್ನು ಕೇಳಿದ್ದೀರಾ?" ಎನ್ನುತ್ತಿದ್ದೆ. ಹೆಚ್ಚಿನವರು ಥೀಸಿಸ್ಸನ್ನು ಮೇಜಿನ ಮೇಲಿಟ್ಟು ರಸೀದಿ ಕೇಳುತ್ತಿದ್ದರು. ಕೆಲವರು ಥೀಸಿಸ್ಸನ್ನು ಬಗಲಿಗೇರಿಸಿ, ಅವರನ್ನು ಕೇಳಿಬರಲು ಮತ್ತೆ ಸ್ಟೇಷನ್ ದಾರಿ ಹಿಡಿದರು.